ಬಾಕ್ಸ್, ಸ್ಲೇಟ್, ಬಾಯಿ: ಟರ್ಕಿ ಹುಂಜ ಕರೆಯೋಕೆ ಯಾವುದು ವಾಸಿ?

ಮಾರ್ಚ್ ಬಂತೆಂದರೆ, ಏಪ್ರಿಲ್ಲಿನ ಕಾಡು ಟರ್ಕಿಕೋಳಿ ಬೇಟೆಗೆ ಅಭ್ಯಾಸವಾಗಲಿ ಅಂತ, ನಾನು ಕಾರಿನಲ್ಲಿ ಹಾಡು ಕೇಳುವುದನ್ನು ಬಿಡುತ್ತೇನೆ. ಅಂಗುಳಿಗೆ ಒಂದು ರಬ್ಬರ್ ಪೊರೆ ಅಂಟಿಸಿಕೊಂಡು ಆಫೀಸಿನವರೆಗೂ ಹೇಟೆ ಟರ್ಕಿಯ ಹಾಗೆ ಕೂಗುತ್ತಾ ಹೋಗುತ್ತೇನೆ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ತಿರುಗಿ ನೋಡಿದರೆ ಫೋನಿನಲ್ಲಿ ಮಾತಾಡುತ್ತಿರುವವನ ಹಾಗೆ ತಲೆಯಾಡಿಸುತ್ತೇನೆ. ಮೊದಲ ವರ್ಷ ಹಿಂದಿನ ಸೀಟಿನಲ್ಲಿದ್ದ ಮಗಳು, "ಅಪ್ಪ, ಬಾತುಕೋಳಿಗೆ ಗಂಟಲು ನೋವಾ?" ಅಂತ ಕೇಳಿದಳು. ಈಗ ಆರು ವಸಂತ ಕಳೆದಿವೆ. ಗಂಟಲು ನೋವು ಸುಮಾರಾಗಿ ಗುಣವಾಗಿದೆ, ಬಾತುಕೋಳಿ ಮಾತ್ರ ಇನ್ನೂ ಪೂರ್ತಿ ಟರ್ಕಿ ಆಗಿಲ್ಲ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ. ಬೇಟೆಗೆ ಹೋಗುವುದು ಅಲ್ಲಿಂದ ಸುಮಾರು ಎರಡು ಗಂಟೆ ದಾರಿ, ವರ್ನನ್ ಕೌಂಟಿಯ ಕಡೆಗೆ. ಹಿಮಯುಗದ ಮಂಜುಗಡ್ಡೆ ಸುತ್ತಲಿನ ಸೀಮೆಯನ್ನೆಲ್ಲ ಹಲಗೆಯ ಹಾಗೆ ಉಜ್ಜಿ ಸಪಾಟು ಮಾಡಿದರೂ ಈ ಜಾಗವನ್ನು ಮುಟ್ಟದೆ ಬಿಟ್ಟಿತಂತೆ. ಹಾಗಾಗಿ ಗುಡ್ಡ, ಕಣಿವೆ, ಓಕ್ ಮರದ ದಿಣ್ಣೆ, ಕೆಳಗೆ ಹಸುಗಳ ಹುಲ್ಲುಗಾವಲು, ನಡುವೆ ಹಾವಿನ ಹಾಗೆ ಹೊರಳುವ ಕಿಕಾಪೂ ಹೊಳೆ. ಮಲೆನಾಡಿನವನಿಗೆ ಕಾಲು ತಾನಾಗಿ ಹೊಂದಿಕೊಳ್ಳುವ ನೆಲ. ಒಂದು ಕಾಲಕ್ಕೆ ಈ ರಾಜ್ಯದಲ್ಲಿ ಕಾಡು ಟರ್ಕಿ ನಿರ್ನಾಮವಾಗಿತ್ತು. ಕೊನೆಯದು ಕಂಡಿದ್ದು 1881ರಲ್ಲಿ, ಡಾರ್ಲಿಂಗ್ಟನ್ ಊರಿನ ಹತ್ತಿರ. 1976ರಲ್ಲಿ ಮಿಸ್ಸೂರಿ ರಾಜ್ಯದಿಂದ 29 ಹಕ್ಕಿ ತಂದು ಇದೇ ವರ್ನನ್ ಕೌಂಟಿಯಲ್ಲಿ ಬಿಟ್ಟರು. ಬದಲಿಗೆ ಇಲ್ಲಿಂದ ಗ್ರೌಸ್ ಹಕ್ಕಿಗಳನ್ನು ಕೊಟ್ಟರು, ಸಂತೆಯಲ್ಲಿ ಭತ್ತ ಕೊಟ್ಟು ಉಪ್ಪು ತಂದ ಹಾಗೆ. 1983ರ ಹೊತ್ತಿಗೆ ಬೇಟೆಗೆ ಬಿಡುವಷ್ಟು ಸಂಖ್ಯೆ ಆಗಿತ್ತು. ಈಗ ರಸ್ತೆಯಲ್ಲಿ ಅಡ್ಡ ಬಂದು ಹಾರನ್ ಹೊಡೆದರೂ ಕದಲುವುದಿಲ್ಲ.

ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆಯಾದ ಮೇಲೆ ಅಜ್ಜನ ಕೋವಿ ಗೋಡೆ ಸೇರಿತ್ತು. ಇಲ್ಲಿ ಹಾಗಲ್ಲ, ಲೈಸೆನ್ಸು, ಬೇಟೆಯ ತರಗತಿ, ಹಕ್ಕಿಗೊಂದು ಪರವಾನಗಿ ಎಲ್ಲ ಇದೆ. ಏಪ್ರಿಲ್ ಮೂರನೇ ಬುಧವಾರ ಶುರುವಾಗಿ ಏಳೇಳು ದಿನದ ಆರು ಅವಧಿ. ಹೊಡೆಯಬಹುದಾದದ್ದು ಹುಂಜ ಅಥವಾ ಎದೆಯಲ್ಲಿ ಗಡ್ಡ, ಅಂದರೆ ಕೂದಲಿನಂಥ ಗರಿಗೊಂಚಲು, ಇರುವ ಹಕ್ಕಿ ಮಾತ್ರ. ರೆಕಾರ್ಡ್ ಮಾಡಿದ ಕೂಗು ಹಾಕುವ ಹಾಗಿಲ್ಲ. ಅಂದ ಮೇಲೆ ಕೈಯಿಂದಲೋ ಬಾಯಿಂದಲೋ ನಾವೇ ಹೇಟೆ ಆಗಬೇಕು.

ಕಷ್ಟ ಶುರುವಾಗುವುದೇ ಇಲ್ಲಿ. ಟರ್ಕಿಗಳಲ್ಲಿ ಹುಂಜ ನಿಂತಲ್ಲೇ ನಿಂತು ಗುಳುಗುಳು ಅಂತ ಕೂಗುತ್ತದೆ, ಹೇಟೆಗಳು ಹುಡುಕಿಕೊಂಡು ಹೋಗುತ್ತವೆ. ನಾವು ಮರದ ಬುಡದಲ್ಲಿ ಕೂತು "ನೀನೇ ಬಾ" ಅಂತೀವಿ. ಅಂದರೆ ಹುಂಜವನ್ನು ಮನೆ ಅಳಿಯನಾಗಿ ಕರೆದ ಹಾಗೆ. ಯಾವ ಹುಂಜ ತಾನೇ ಸುಲಭಕ್ಕೆ ಒಪ್ಪೀತು?

ಹೇಟೆಯ ಕೂಗು ಹೊರಡಿಸುವ ಮೂರು ಸಾಧನದಲ್ಲಿ ನಾನು ಮೊದಲು ಕೊಂಡಿದ್ದು ಬಾಕ್ಸ್ ಕಾಲ್. ಉದ್ದನೆಯ ಮರದ ಡಬ್ಬಿ, ಮೇಲೆ ಒಂದು ತುದಿಗೆ ಸ್ಕ್ರೂ ಹಾಕಿದ ಮುಚ್ಚಳ, ಅದಕ್ಕೇ ಹಿಡಿ. ಮುಚ್ಚಳಕ್ಕೆ ಸೀಮೆಸುಣ್ಣ ಬಳಿದು ಡಬ್ಬಿಯ ಅಂಚಿನ ಮೇಲೆ ಅತ್ತಿತ್ತ ಎಳೆದರೆ 'ಕ್ಯೋಂಕ್, ಕ್ಯೋಂಕ್'. 1897ರಲ್ಲಿ ಹೆನ್ರಿ ಗಿಬ್ಸನ್ ಎಂಬಾತ ಪೇಟೆಂಟ್ ಮಾಡಿಸಿದ ಮಾದರಿ ಇದು, ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಬದಲಾಯಿಸುವ ಅಗತ್ಯವೂ ಬಿದ್ದಿಲ್ಲ. ನನ್ನ ಮಗಳು ಐದು ನಿಮಿಷದಲ್ಲಿ ಕಲಿತಳು. ಗಾಳಿ ಬೀಸುವ ದಿನ, ಎದುರು ದಿಣ್ಣೆಯವರೆಗೆ ಸದ್ದು ಮುಟ್ಟಿಸಬೇಕಾದಾಗ ಇದನ್ನು ಮೀರಿಸುವುದು ಬೇರೊಂದಿಲ್ಲ.

ಆದರೆ ಇದಕ್ಕೆ ನೀರು ಅಂದರೆ ಆಗದು. ಎರಡನೇ ವರ್ಷ ಸೋನೆ ಮಳೆಯಲ್ಲಿ ಒಂದು ಹುಂಜ ಇನ್ನೂರು ಗಜ ದೂರದಲ್ಲಿ ಉತ್ತರ ಕೊಡುತ್ತಿತ್ತು. ಮೂರನೇ ಸಲ ಎಳೆಯುವಷ್ಟರಲ್ಲಿ ಮರ ನೆನೆದು, ಕ್ಯೋಂಕ್ ಬದಲು ಹಳೇ ಬಾಗಿಲು ಉಸಿರು ಬಿಟ್ಟ ಹಾಗೆ 'ಹ್ಸ್ಸ್' ಅಂತ ಬಂತು. ಹುಂಜ ಅವತ್ತಿಗೆ ಮಾತು ಮುಗಿಸಿತು. ಜಮೀನಿನ ಯಜಮಾನ, ಎಪ್ಪತ್ತು ದಾಟಿದ ರೈತ, ಮಧ್ಯಾಹ್ನ ಕತೆ ಕೇಳಿ ನಕ್ಕು, ಅಡುಗೆಮನೆಯಿಂದ ಬ್ರೆಡ್ಡಿನ ಪ್ಲಾಸ್ಟಿಕ್ ಕವರ್ ತಂದುಕೊಟ್ಟ. ಕವರಿನೊಳಗೆ ಕೈ ಹಾಕಿ ಅಲ್ಲೇ ಬಾರಿಸಬೇಕಂತೆ. ಕೆಲಸ ಮಾಡುತ್ತದೆ. ಇನ್ನೊಂದು ತೊಂದರೆ, ನಡೆಯುವಾಗ ಜೇಬಿನೊಳಗೇ ಕೀಂಯ್‌ಗುಟ್ಟುವುದು. ಮುಚ್ಚಳದ ನಡುವೆ ಬಟ್ಟೆ ತುರುಕಿ ರಬ್ಬರ್ ಬ್ಯಾಂಡ್ ಹಾಕದೆ ಹೊರಟರೆ ಕಾಡಿಗೆಲ್ಲ ನಿಮ್ಮ ಬರವು ಗೊತ್ತಾಗುತ್ತದೆ.

ಸ್ಲೇಟ್ ಕಾಲ್ ಕಂಡ ಕೂಡಲೇ ನನಗೆ ಒಂದನೇ ಕ್ಲಾಸು ನೆನಪಾಯಿತು. ಅಂಗೈಯಗಲದ ದುಂಡನೆ ಬಟ್ಟಲು, ಅದರ ಮೇಲೆ ಸ್ಲೇಟಿನ ಬಿಲ್ಲೆ, ಉಜ್ಜಲು ಪೆನ್ಸಿಲ್ಲಿನಂಥ ಮರದ ಕಡ್ಡಿ. ಬಳಪವನ್ನು ಕಿರ್ರೆನ್ನಿಸಿ ಮೇಷ್ಟ್ರ ಹತ್ತಿರ ಏಟು ತಿಂದವರಿಗೆ ಅರ್ಧ ವಿದ್ಯೆ ಆಗಲೇ ಬಂದಿದೆ ಅಂತ ತಿಳಿಯಿರಿ. ಉಳಿದರ್ಧ ಇಷ್ಟು: ಬಟ್ಟಲನ್ನು ಅಂಗೈಗೆ ಒತ್ತದೆ ಬೆರಳತುದಿಗಳಲ್ಲಿ ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಸದ್ದು ಕೈಯೊಳಗೇ ಸಾಯುತ್ತದೆ. ಕಡ್ಡಿಯನ್ನು ಸ್ವಲ್ಪ ಓರೆ ಮಾಡಿ, ಬಿಲ್ಲೆಯಿಂದ ಮೇಲೆತ್ತದೆ, ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಸುತ್ತು ಹಾಕಬೇಕು. ಮೇಲ್ಮೈ ನುಣುಪಾದರೆ ಉಪ್ಪುಕಾಗದದಿಂದ ತಿಕ್ಕಬೇಕು. ಬೆರಳು ಮಾತ್ರ ತಾಗಿಸಬಾರದು. ಚರ್ಮದ ಜಿಡ್ಡು ಕೂತರೆ ಕಡ್ಡಿ ಜಾರುತ್ತದೆ, ಧ್ವನಿ ಹೊರಡುವುದಿಲ್ಲ. ಇಡ್ಲಿಗೆ ತುಪ್ಪ ಸವರಿಕೊಂಡು ತಿಂದ ಕೈಯಲ್ಲೇ ಹಿಡಿದು ಒಂದು ಬೆಳಗ್ಗೆ ಹಾಳು ಮಾಡಿಕೊಂಡವನ ಮಾತು ಇದು.

ಬಾಕ್ಸ್ ಕೂಗಿ ಕರೆಯುತ್ತದೆ, ಸ್ಲೇಟ್ ಪಕ್ಕದಲ್ಲಿ ಕೂತು ಮಾತಾಡುತ್ತದೆ. ಹೇಟೆ ಮೇಯುತ್ತಾ ತನ್ನಷ್ಟಕ್ಕೆ ಮಾಡುವ ಮೆಲ್ಲನೆಯ 'ಗುರ್ರ್', ನಡುವೆ ಒಂದೊಂದು 'ಟಕ್', ಇವೆರಡೂ ಸ್ಲೇಟಿನಲ್ಲಿ ಬಂದಷ್ಟು ಸಹಜವಾಗಿ ನನಗೆ ಬೇರೆ ಯಾವುದರಲ್ಲೂ ಬಂದಿಲ್ಲ. ಮಳೆಯ ದಿನಕ್ಕೆ ಗಾಜಿನ ಬಿಲ್ಲೆಯದೊಂದು, ಪ್ಲಾಸ್ಟಿಕ್ ಕಡ್ಡಿ ಸಮೇತ, ಬ್ಯಾಗಿನಲ್ಲಿ ಇರುತ್ತದೆ. ಅದರ ಸದ್ದು ಚೂರು ಚೂಪು, ಆದರೆ ನೆನೆದರೂ ಕೈಕೊಡುವುದಿಲ್ಲ.

ಇನ್ನು ಬಾಯಿಯದು. ಕುದುರೆ ಲಾಳದಾಕಾರದ ತೆಳು ಚೌಕಟ್ಟು, ಅದರಲ್ಲಿ ಎರಡೋ ಮೂರೋ ಲೇಟೆಕ್ಸ್ ಪೊರೆ. ಅಂಗುಳಿಗೆ ಒತ್ತಿ ನಾಲಿಗೆಯಿಂದ ಹಿಡಿದು ಗಾಳಿ ಬಿಡಬೇಕು. ಹತ್ತು ಡಾಲರಿನ ಆಸುಪಾಸಿಗೆ ಸಿಗುತ್ತದೆ, ಎರಡು ಕೈಯೂ ಕೋವಿಯ ಮೇಲಿರುತ್ತವೆ, ಮಳೆಗೂ ಜಗ್ಗುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ ಇದಿಲ್ಲದೆ ಬೇಟೆಯೇ ಇಲ್ಲ ಅಂತಾರೆ. ನನಗೆ ಮೊದಲ ತಿಂಗಳು ವಾಕರಿಕೆಯೊಂದೇ ಬಂದಿದ್ದು. ಅಂಚನ್ನು ಕತ್ತರಿಯಿಂದ ಚೂರು ಕತ್ತರಿಸಿಕೊಂಡ ಮೇಲೆ ಕೂತಿತು. ಬಳಸಿದ ಮೇಲೆ ಪೊರೆಗಳು ಒಂದಕ್ಕೊಂದು ಅಂಟದ ಹಾಗೆ ನಡುವೆ ಹಲ್ಲುಕಡ್ಡಿ ಸಿಗಿಸಿ ಫ್ರಿಜ್ಜಿನಲ್ಲಿಡಬೇಕು. ನಮ್ಮನೆಯಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಉಪ್ಪಿನಕಾಯಿ ಬಾಟ್ಲಿಯ ಹಿಂದೆ. "ರೀ, ಇದು ನಿಮ್ಮ ಬಾಯಲ್ಲಿದ್ದದ್ದಾ?" ಅಂದವಳು ಅವತ್ತೇ ಬೇರೆ ಡಬ್ಬಿ ತಂದುಕೊಟ್ಟಳು.

ಇದರ ಪರವಾಗಿ ಎಲ್ಲರೂ ಹೇಳುವ ವಾದ ಒಂದೇ: ಹುಂಜ ಐವತ್ತು ಗಜದೊಳಗೆ ಬಂದ ಮೇಲೆ ಕೈ ಆಡಿಸಿದರೆ ಕೆಟ್ಟಿತು, ಆಗ ಕರೆಯಲು ಬಾಯಿಯೇ ಗತಿ. ಮೊದಲರ್ಧ ನೂರಕ್ಕೆ ನೂರು ನಿಜ. ಟರ್ಕಿಯ ಕಣ್ಣು ತಲೆಯ ಎರಡು ಬದಿಗಿವೆ, ಕುತ್ತಿಗೆ ಚೂರು ತಿರುಗಿಸಿದರೆ ಹಿಂದಿನದೂ ಕಾಣುತ್ತದೆ, ಬಣ್ಣವೂ ಗೊತ್ತಾಗುತ್ತದೆ. ಮೂವತ್ತು ಗಜದಲ್ಲಿ ಸ್ಲೇಟಿನ ಕಡ್ಡಿ ಹಿಡಿದ ನನ್ನ ಹೆಬ್ಬೆರಳು ಅಲ್ಲಾಡಿದ್ದಕ್ಕೆ 'ಪಟ್' ಅಂತ ಎಚ್ಚರಿಕೆ ಕೊಟ್ಟು ಹೋದ ಹುಂಜ ನನಗೆ ಗೊತ್ತು. ಒಪ್ಪದೆ ಇರುವುದು ಎರಡನೇ ಅರ್ಧ. ಅಷ್ಟು ಹತ್ತಿರದಲ್ಲಿ ಕರೆಯುವ ಅಗತ್ಯವಾದರೂ ಏನು?

ನಾಲ್ಕನೇ ವರ್ಷ ನಾನು ಕರೆದು ನೋಡಿದೆ. ನಲವತ್ತೈದು ಗಜದಲ್ಲಿ ಬಾಲ ಬಿಚ್ಚಿ ಬರುತ್ತಿದ್ದ ಹುಂಜಕ್ಕೆ ಬಾಯಿಂದ ಮೂರು ಕ್ಯೋಂಕ್ ಕೊಟ್ಟೆ, ಚೆನ್ನಾಗಿಯೇ ಬಂತು. ಅದು ಗಕ್ಕನೆ ನಿಂತಿತು. ಕುತ್ತಿಗೆಯನ್ನು ಕೋಲಿನ ಹಾಗೆ ನೆಟ್ಟಗೆ ಮಾಡಿ ಸದ್ದು ಬಂದ ಜಾಗವನ್ನೇ ನೋಡಿತು. ಅಲ್ಲಿ ಹೇಟೆ ಇರಬೇಕಿತ್ತು, ಇರಲಿಲ್ಲ. ಎರಡು ನಿಮಿಷ ನಿಂತು, ರೆಕ್ಕೆ ಮಡಿಚಿ, ಬಂದ ದಾರಿಯಲ್ಲೇ ಹೋಯಿತು.

ಮರುವರ್ಷ ಮೇ ಎರಡನೇ ವಾರ, ಬೆಳಗ್ಗೆ ಹತ್ತು ಗಂಟೆ. ಸ್ಲೇಟಿನಲ್ಲಿ ಕರೆದಿದ್ದಕ್ಕೆ ದಿಣ್ಣೆಯ ಆಚೆಯಿಂದ ಗುಳುಗುಳು ಬಂತು. ಇನ್ನೊಮ್ಮೆ ಕರೆದೆ, ಈ ಸಲ ಉತ್ತರ ಹತ್ತಿರದಿಂದ. ಬಟ್ಟಲನ್ನು ತರಗೆಲೆಯ ಮೇಲಿಟ್ಟು, ಕೋವಿಯನ್ನು ಮಂಡಿಯ ಮೇಲೆ ಊರಿ ಸುಮ್ಮನೆ ಕೂತೆ. ಊರಿನಲ್ಲಿ ಅಜ್ಜನ ಕಾಲದವರು ಮರಸಿಗೆ ಕೂರುವುದು ಅಂತಿದ್ದರಲ್ಲ, ಹಾಗೆ. ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಕಿವಿಗಿಂತ ಮೊದಲು ಎದೆಗೆ ಕೇಳಿಸಿತು: 'ಚಿಕ್' ಅಂತ ಉಗುಳಿದಂಥ ಒಂದು ಸದ್ದು, ಹಿಂದೆಯೇ ದೂರದಲ್ಲಿ ಲಾರಿ ಸ್ಟಾರ್ಟ್ ಮಾಡಿದಂಥ 'ವ್ರೂಂ'. ಏರಿನ ಅಂಚಿನಲ್ಲಿ ಮೊದಲು ಬಾಲದ ಬೀಸಣಿಗೆ ಎದ್ದಿತು, ಆಮೇಲೆ ತಲೆ. ನೆತ್ತಿ ಬಿಳಿ, ಕೆನ್ನೆ ನೀಲಿ, ಗಂಟಲ ಜೋಲು ಕೆಂಪು. ಬಿಸಿಲು ಬಿದ್ದ ಕಡೆ ಮೈಯೆಲ್ಲ ಉಜ್ಜಿದ ತಾಮ್ರದ ಹಂಡೆ. ರೆಕ್ಕೆಯ ತುದಿ ತರಗೆಲೆಯ ಮೇಲೆ ಎಳೆಯುವ ಸದ್ದೂ ಕೇಳುತ್ತಿತ್ತು. ಹೇಟೆ ಎಲ್ಲಿ ಎಲ್ಲಿ ಅಂತ ಹುಡುಕುತ್ತಾ ಇಪ್ಪತ್ತೈದು ಗಜಕ್ಕೆ ತಾನಾಗಿ ಬಂತು. ಓಕ್ ಮರದ ಹಿಂದೆ ಅದರ ತಲೆ ಮರೆಯಾದಾಗ ಕೋವಿ ಸರಿಮಾಡಿಕೊಂಡೆ. ಕುತ್ತಿಗೆ ಹೊರಗೆ ಬಂದಾಗ ಈಡು. 21 ಪೌಂಡ್ ತೂಗಿತು, ಗಡ್ಡ ಒಂಬತ್ತೂವರೆ ಇಂಚು.

ಅಂದಿನಿಂದ ಬಾಯಿಯದನ್ನು ಕಾರಿನಲ್ಲಿ ಬಾರಿಸುತ್ತೇನೆ, ಕಾಡಿನಲ್ಲಿ ಜೇಬಿನಲ್ಲಿಡುತ್ತೇನೆ. ನನ್ನ ಲೆಕ್ಕದಲ್ಲಿ ಸ್ಲೇಟೇ ಮೇಲು, ಬಾಕ್ಸ್ ಎರಡನೆಯದು, ಬಾಯಿ ಬಹಳ ಹಿಂದೆ. ಮೂವತ್ತು ಡಾಲರಿನ ಒಳಗೆ ಒಂದೇ ಕೊಳ್ಳುವುದಿದ್ದರೆ ಸ್ಲೇಟ್. ಅಭ್ಯಾಸಕ್ಕೆ ಪುರುಸೊತ್ತೇ ಇಲ್ಲದವರಿಗೆ ಬಾಕ್ಸ್.

ಹೊತ್ತಿನ ವಿಷಯದಲ್ಲೂ ನನ್ನದು ಗುಂಪಿಗೆ ಸೇರದ ಅಭಿಪ್ರಾಯ. ಬೆಳಗಿನ ಜಾವ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಏಪ್ರಿಲ್ ಕೊನೆಗೆ ಆರು ಗಂಟೆಯ ಹೊತ್ತಿಗೆ ಸೂರ್ಯ, ಅದಕ್ಕೆ ಅರ್ಧ ಗಂಟೆ ಮೊದಲಿಂದ ಹೊಡೆಯಬಹುದು. ಕತ್ತಲಲ್ಲಿ ಗೂಬೆ ಕೂಗಿದರೆ ಸಾಕು, ಮರದ ಮೇಲಿನ ಹುಂಜಗಳು ತಡೆಯಲಾರದೆ ಗುಳುಗುಳು ಅಂದುಬಿಡುತ್ತವೆ. ಆದರೆ ಇಳಿದ ಕೂಡಲೇ ಅವುಗಳ ಸುತ್ತ ನಿಜವಾದ ಹೇಟೆಗಳು. ಅಂಥ ಹೊತ್ತಿನಲ್ಲಿ ನನ್ನ ಬಟ್ಟಲಿನ ಹೇಟೆಯನ್ನು ಕೇಳುವವರು ಯಾರು? ಒಂಬತ್ತರ ಮೇಲೆ ಹೇಟೆಗಳು ಒಂದೊಂದಾಗಿ ಮೊಟ್ಟೆಯಿಡಲು ಜಾರಿಕೊಳ್ಳುತ್ತವೆ, ಹುಂಜ ಒಂಟಿಯಾಗುತ್ತದೆ. ಆರು ವಸಂತದಲ್ಲಿ ನನಗೆ ಸಿಕ್ಕ ನಾಲ್ಕು ಹುಂಜಗಳಲ್ಲಿ ಮೂರು ಒಂಬತ್ತರಿಂದ ಹನ್ನೊಂದರ ನಡುವೆ ಬಂದಿದ್ದು. ಎಂಟಕ್ಕೇ ಬೇಸತ್ತು ಕಾಫಿಗೆ ಹೋಗುವವರು ಹೋಗಲಿ.

ರಬ್ಬರಿನ ಬೊಂಬೆ ಹೇಟೆ ಹುಲ್ಲುಗಾವಲಿನಲ್ಲಿ ಉಪಯೋಗ, ಕಾಡಿನೊಳಗೆ ಹೊರೆ. ಟೆಂಟು ಮಗಳು ಜೊತೆಗಿದ್ದರೆ ಬೇಕೇ ಬೇಕು, ಅವಳು ಚಿಪ್ಸ್ ತಿನ್ನಬಹುದು. ಒಬ್ಬನೇ ಇದ್ದರೆ ಭುಜಕ್ಕಿಂತ ಅಗಲದ ಮರಕ್ಕೆ ಒರಗಿ ಕೂರುತ್ತೇನೆ, ಹಿಂದಿನಿಂದ ಬೇರೆ ಬೇಟೆಗಾರ ಬಂದರೂ ಬೆನ್ನಿಗೆ ಆಸರೆ ಇರುತ್ತದೆ. ಕೆಂಪು, ಬಿಳಿ, ನೀಲಿ ಬಟ್ಟೆ ತೊಡಬೇಡಿ, ಕರ್ಚೀಪು ಕೂಡ. ಅವು ಹುಂಜದ ತಲೆಯ ಬಣ್ಣ, ಇನ್ನೊಬ್ಬನ ಕಣ್ಣಿಗೆ ನೀವೇ ಹುಂಜವಾಗುತ್ತೀರಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ. ಮಂಗನ ಕಾಯಿಲೆಯ ಸೀಮೆಯಿಂದ ಬಂದವರಿಗೆ ಉಣುಗಿನ ಭಯ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಬೇರೆ ಜಾತಿಯ ಉಣುಗುಗಳು ಲೈಮ್ ಜ್ವರ ಹಂಚುತ್ತವೆ.

ಅಡುಗೆಗೂ ಒಂದು ಮಾತು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಂಗಡಿಯಲ್ಲಿ ಸಿಗುವ ಟರ್ಕಿಯ ಹಾಗೆ ಇದನ್ನು ಇಡಿಯಾಗಿ ಓವನ್ನಿನಲ್ಲಿಟ್ಟರೆ ಚಕ್ಕೆ ಜಗಿದ ಹಾಗಾಗುತ್ತದೆ, ಕೊಬ್ಬೇ ಇಲ್ಲ. ಎದೆಯ ಮಾಂಸ ತೆಳ್ಳಗೆ ಸೀಳಿ, ಕಾಳುಮೆಣಸು ಹಾಕಿ ಬಾಣಲೆಯಲ್ಲಿ ಬೇಗ ಹುರಿಯಿರಿ. ಕಾಲಿನಲ್ಲಿ ನರ ತಂತಿಯಂತಿರುತ್ತದೆ, ಅದು ಕುಕ್ಕರಿಗೇ ಸೈ. ಎಂಟು ವಿಷಲ್ ಆದ ಮೇಲೆ ಎಲುಬು ತಾನಾಗಿ ಬಿಟ್ಟುಕೊಳ್ಳುತ್ತದೆ, ಆಮೇಲೆ ಅದೇ ನೀರಿಗೆ ಹುರಿದ ಕೊತ್ತಂಬರಿ, ಮೆಣಸು, ತೆಂಗಿನಕಾಯಿ ರುಬ್ಬಿ ಹಾಕಿದರೆ ಸಾರು. ಹೋದ ವರ್ಷ ಒಂದು ಡಬ್ಬಿ ಸಾರು, ಹತ್ತು ಕಡುಬು ಜಮೀನಿನ ಯಜಮಾನನಿಗೂ ಒಯ್ದಿದ್ದೆ. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ ಎರಡನೇ ಸಲ ಬಡಿಸಿಕೊಂಡ. ಡಬ್ಬಿ ವಾಪಸ್ ಕೊಡುವಾಗ ಕೇಳಿದ್ದು ಒಂದೇ: ಮುಂದಿನ ವರ್ಷ ಯಾವ ಅವಧಿಗೆ ಅರ್ಜಿ ಹಾಕ್ತೀಯ?