ಕ್ಯಾಥೊಲಿಕ್ ಹೈಸ್ಕೂಲಿನ ಒಂದು ವರ್ಷವನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕುವುದು: ಏನು ಸಿಗುತ್ತದೆ, ಎಲ್ಲಿ ಎಡವುತ್ತೀರಿ

ಅಮೆರಿಕದ ಕ್ಯಾಥೊಲಿಕ್ ಹೈಸ್ಕೂಲೊಂದರ ಒಂದೇ ಒಂದು ಶೈಕ್ಷಣಿಕ ವರ್ಷದ ಚರಿತ್ರೆ ಬರೆಯಬೇಕೆಂದಿದ್ದರೆ ಮೊದಲು ಹೋಗಬೇಕಾದ ಜಾಗ ಇಂಟರ್ನೆಟ್ ಆರ್ಕೈವ್, ಅಂದರೆ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಟ್ಟಿರುವ ಅಂತರ್ಜಾಲ ಗ್ರಂಥಾಲಯ. ದುಡ್ಡು ಕೇಳುವುದಿಲ್ಲ. ಮುಕ್ತವಾಗಿಟ್ಟ ಪುಸ್ತಕಗಳಿಗೆ ಖಾತೆಯೂ ಬೇಡ, ಹಳೆಯ ಇಯರ್‌ಬುಕ್ಕನ್ನು (ಶಾಲೆ ವರ್ಷಕ್ಕೊಮ್ಮೆ ತರುವ ಚಿತ್ರಸಂಪುಟವನ್ನು) ಹೊದಿಕೆಯಿಂದ ಹೊದಿಕೆಯವರೆಗೆ ತಿರುವಿ ನೋಡಬಹುದು. ಇಷ್ಟೆಲ್ಲ ಇದ್ದರೂ ಹುಡುಕು ಪೆಟ್ಟಿಗೆಯೊಂದನ್ನೇ ನೆಚ್ಚಿಕೊಂಡರೆ ಕೆಲಸ ಕೆಡುತ್ತದೆ. ಒಂದು ವರ್ಷ ಅರ್ಥವಾಗಲು ಇಯರ್‌ಬುಕ್ಕಿನ ಮೂರು ಸಂಚಿಕೆ ಬೇಕು: ಆ ವರ್ಷದ್ದು, ಅದರ ಹಿಂದಿನದು, ಅದರ ಮುಂದಿನದು.

ಉದಾಹರಣೆಗೆ 1964–65ನ್ನು ತೆಗೆದುಕೊಳ್ಳಿ. ಕ್ಯಾಥೊಲಿಕ್ ಚರ್ಚಿನ ಆಚರಣೆಗಳನ್ನು ಬದಲಿಸಿದ ಬಿಷಪರ ಸಭೆ, ಎರಡನೇ ವ್ಯಾಟಿಕನ್ ಮಹಾಸಭೆ, ಇನ್ನೂ ನಡೆಯುತ್ತಿದ್ದ ಕಾಲ. 1964ರ ನವೆಂಬರ್ 29ರಂದು ಅಮೆರಿಕದ ಚರ್ಚುಗಳಲ್ಲಿ ಬಲಿಪೂಜೆಯ (ಮಾಸ್) ಹಲವು ಭಾಗಗಳು ಲ್ಯಾಟಿನ್ ಬಿಟ್ಟು ಇಂಗ್ಲಿಷಿಗೆ ಬಂದವು. ಸೆಪ್ಟೆಂಬರಿನಲ್ಲಿ ಲ್ಯಾಟಿನ್ ಬಲಿಪೂಜೆಯಲ್ಲಿ ಕೂತಿದ್ದ ಮಕ್ಕಳು ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬದ ಹೊತ್ತಿಗೆ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದರು. ಇಷ್ಟು ದೊಡ್ಡ ಬದಲಾವಣೆ ಫೋಟೊದಲ್ಲಿ ಕಾಣುವುದೇ ಇಲ್ಲ, ಭಾಷೆಗೆ ಚಿತ್ರವಿಲ್ಲವಲ್ಲ. ಅದನ್ನು ಚಿತ್ರದ ಕೆಳಗಿನ ಸಾಲುಗಳಲ್ಲೇ ಹುಡುಕಬೇಕು. ‘ಲೆಕ್ಟರ್’ (ಪೂಜೆಯಲ್ಲಿ ಬೈಬಲ್ ಓದುವವರು), ‘ಕಾಮೆಂಟೇಟರ್’ (ಪೂಜೆಯನ್ನು ಜನರಿಗೆ ವಿವರಿಸುವವರು) ಎಂಬ ಪದಗಳು ಸಿಕ್ಕಲ್ಲಿ ನಿಂತು ಓದಿ. ಗುರುಗಳು (ಪಾದ್ರಿಗಳು) ಜನರತ್ತ ಮುಖ ಮಾಡಿ ಪೂಜೆ ಅರ್ಪಿಸಲು ದಾರಿ ಮಾಡಿಕೊಟ್ಟ ರೋಮಿನ ಸೂಚನೆ ಜಾರಿಗೆ ಬಂದದ್ದು 1965ರ ಮಾರ್ಚ್ 7ರಂದು. ಅಷ್ಟರಲ್ಲಿ ಅನೇಕ ಶಾಲೆಗಳ ಆ ವರ್ಷದ ಪುಟಗಳು ಅಚ್ಚಿಗೆ ಹೊರಟಾಗಿರುತ್ತಿದ್ದವು.

ದೊಡ್ಡ ಬಲೆ ಇರುವುದು ಇಲ್ಲೇ. ಬೇಸಿಗೆ ರಜೆಗೆ ಮುಂಚೆ ಮಕ್ಕಳ ಕೈಗೆ ಸೇರಬೇಕಾದ ಇಯರ್‌ಬುಕ್ಕಿನ ಕೊನೆಯ ಪುಟಗಳನ್ನು ಚಳಿಗಾಲ ಮುಗಿಯುವ ಹೊತ್ತಿಗೇ ಮುದ್ರಕರಿಗೆ ಕೊಟ್ಟುಬಿಡಬೇಕು. ಆಮೇಲೆ ನಡೆಯುವ ಬೇಸ್‌ಬಾಲ್, ಪ್ರಾಮ್ (ವರ್ಷಾಂತ್ಯದ ನೃತ್ಯಕೂಟ), ಮೇ ತಿಂಗಳ ಮೇರಿಮಾತೆಯ ಪ್ರತಿಮೆಯ ಕಿರೀಟಧಾರಣೆ, ಪದವಿ ಪ್ರದಾನ ಯಾವುದೂ ಅದರಲ್ಲಿ ಇರಲಾರವು. ಇದ್ದರೆ ಅವು ಹಿಂದಿನ ವಸಂತದ ಚಿತ್ರಗಳಾಗಿರಬಹುದು. 1965 ಎಂದು ಅಚ್ಚಾದ ಸಂಚಿಕೆಯ ಕಿರೀಟಧಾರಣೆ 1964ರ ಮೇ ತಿಂಗಳದ್ದಾಗಿರುವ ಸಾಧ್ಯತೆ ಉಂಟು. ಕಿರೀಟ ತೊಡಿಸುತ್ತಿರುವ ಹುಡುಗಿಯ ಹೆಸರನ್ನು ಅದೇ ಪುಸ್ತಕದ ಅಂತಿಮ ವರ್ಷದವರ ಭಾಗದಲ್ಲಿ ನೋಡಿ. ಅಲ್ಲಿಲ್ಲದೆ ಹಿಂದಿನ ಸಂಚಿಕೆಯಲ್ಲಿ ಇದ್ದರೆ ಚಿತ್ರ ಹಿಂದಿನ ವರ್ಷದ್ದು. ಕೆಲವು ಶಾಲೆಗಳು ಸಂಚಿಕೆಯನ್ನು ರಜೆಯ ನಂತರ ಹಂಚುತ್ತಿದ್ದವು, ಅವುಗಳಲ್ಲಿ ವರ್ಷ ಪೂರ್ತಿಯಾಗಿ ಸಿಗುತ್ತದೆ. ವರ್ಷವೇ ನಮೂದಾಗದ ಪ್ರತಿ ಸಿಕ್ಕರೆ ಕೆನಡಿಯವರ ಸ್ಮರಣೆಯ ಪುಟವಿದೆಯೇ ನೋಡಿ. ಅಮೆರಿಕದ ಮೊದಲ ಕ್ಯಾಥೊಲಿಕ್ ಅಧ್ಯಕ್ಷರು ಹತ್ಯೆಯಾದದ್ದು 1963ರ ನವೆಂಬರ್ 22ರಂದು, ಹಾಗಾಗಿ ಅಂಥ ಪುಟ 1963–64ರತ್ತ ಬೆರಳು ತೋರಿಸುತ್ತದೆ.

ಈಗ ಹುಡುಕುವ ಕ್ರಮ. ಮುಖ್ಯ ಪೆಟ್ಟಿಗೆ ತಾನಾಗಿ ನೋಡುವುದು ಶೀರ್ಷಿಕೆ, ವಿವರಣೆಯಂಥ ಮಾಹಿತಿಯನ್ನು ಮಾತ್ರ. ಪುಟದೊಳಗಿನ ಪಠ್ಯ ಬೇಕೆಂದರೆ ಆ ಆಯ್ಕೆಯನ್ನು ನೀವೇ ಒತ್ತಬೇಕು. ಸಂತ ಜೋಸೆಫರ ಹೆಸರಿನ ಶಾಲೆಗಳಿಗೆ ಲೆಕ್ಕವಿಲ್ಲ, ಆದ್ದರಿಂದ ಊರಿನ ಹೆಸರನ್ನೂ ಸೇರಿಸಿ. ಇಯರ್‌ಬುಕ್ಕಿಗೆ ಸ್ವಂತ ಹೆಸರಿದ್ದರೆ ಅದರಿಂದಲೂ ಒಮ್ಮೆ ಹುಡುಕಿ, ಎಷ್ಟೋ ಪುಸ್ತಕಗಳು ಆ ಹೆಸರಲ್ಲೇ ಪಟ್ಟಿಯಾಗಿರುತ್ತವೆ. ಯಂತ್ರ ಓದಿದ ಪಠ್ಯ ನೇರ ಅಚ್ಚಕ್ಷರಕ್ಕೆ ಚೆನ್ನಾಗಿದೆ. ಅಲಂಕಾರದ ಅಕ್ಷರ, ಫೋಟೊದ ಮೇಲೆ ಬಿಳಿಯಲ್ಲಿ ಅಚ್ಚಾದ ಸಾಲು, ಗೆಳೆಯರ ಹಸ್ತಾಕ್ಷರ ಬಿದ್ದಿರುವ ಹೆಸರು ಇವುಗಳ ಮುಂದೆ ಅದು ಸೋಲುತ್ತದೆ. ಹುಡುಕಿದ ಹೆಸರು ಸಿಗಲಿಲ್ಲ ಎಂದಮಾತ್ರಕ್ಕೆ ಆ ವಿದ್ಯಾರ್ಥಿ ಶಾಲೆಯಲ್ಲಿ ಇರಲಿಲ್ಲ ಎಂದು ಬರೆಯಬೇಡಿ.

ಪುಸ್ತಕ ತೆರೆದಾಗ ಕಾಣುವ ವೆಬ್ ವಿಳಾಸದಲ್ಲಿ ‘ಎನ್’ ಅಕ್ಷರದ ಪಕ್ಕ ಕಾಣುವ ಅಂಕಿ ಸ್ಕ್ಯಾನ್ ಆದ ಹಾಳೆಗಳ ಎಣಿಕೆ, ಪುಸ್ತಕದ ಪುಟಸಂಖ್ಯೆಯಲ್ಲ. ಹೊದಿಕೆ, ಒಳಹಾಳೆಗಳೂ ಅದರಲ್ಲಿ ಸೇರಿರುತ್ತವೆ. ಉಲ್ಲೇಖಿಸುವಾಗ ಅಚ್ಚಾದ ಪುಟಸಂಖ್ಯೆಯನ್ನೇ ಕೊಡಿ.

ಧರ್ಮಭಗಿನಿಯರ ವಿಷಯದಲ್ಲಿ ಬಹಳ ಎಚ್ಚರ ಬೇಕು. ಮಹಾಸಭೆಗೆ ಮುಂಚೆ ಅವರು ಸನ್ಯಾಸಿನಿ ಸಭೆಗೆ ಸೇರಿದಾಗ ಪಡೆದ ಹೆಸರಿನಿಂದಲೇ ಪರಿಚಿತರು. ಅರವತ್ತರ ದಶಕದ ಕೊನೆಗೆ ಅನೇಕರು ಜ್ಞಾನಸ್ನಾನದ ಹೆಸರಿಗೆ ಮರಳಿದರು, ಉಡುಪೂ ಬದಲಾಯಿತು. ಹಳೆಯ ಸಂಚಿಕೆಯಲ್ಲಿ ಒಂದು ಹೆಸರಿನಲ್ಲಿ ಗಣಿತ ಕಲಿಸುತ್ತಿದ್ದವರು ಕೆಲವು ವರ್ಷಗಳ ನಂತರ ಬೇರೆ ಹೆಸರಿನಲ್ಲಿ ಅದೇ ಗಣಿತ ಕಲಿಸುತ್ತಿರಬಹುದು. ಮುಖ, ಕಲಿಸುವ ವಿಷಯ, ಹೆಸರಿನ ನಂತರ ಬರುವ ಅವರ ಸಭೆಯ ಸಂಕೇತಾಕ್ಷರ ಈ ಮೂರನ್ನೂ ಹೋಲಿಸದಿದ್ದರೆ ಒಬ್ಬರನ್ನೇ ಇಬ್ಬರೆಂದು ಎಣಿಸುತ್ತೀರಿ. ಆ ಸಂಕೇತ ಇನ್ನೊಂದು ಕೆಲಸಕ್ಕೂ ಬರುತ್ತದೆ: ‘ಎಸ್.ಜೆ.’ ಎಂದಿದ್ದರೆ ಯೇಸುಸಭೆಯ (ಜೆಸುಯಿಟ್) ಪಾದ್ರಿಗಳು, ‘ಆರ್.ಎಸ್.ಎಂ.’ ಎಂದಿದ್ದರೆ ಮರ್ಸಿ ಭಗಿನಿಯರು. ಮುಂದೆ ಯಾರ ದಾಖಲೆ ಕೇಳಬೇಕೆಂಬುದು ಅಲ್ಲೇ ತಿಳಿಯುತ್ತದೆ.

ಫೋಟೊ ಬೇಕಾದರೆ ಪಿಡಿಎಫ್ ಇಳಿಸಿಕೊಳ್ಳಬೇಡಿ. ಅದನ್ನು ವಿಪರೀತ ಕುಗ್ಗಿಸಿರುವುದರಿಂದ ಹಿಂದಿನ ಸಾಲಿನ ಮುಖಗಳು ಕಲಸಿಹೋಗುತ್ತವೆ. ಪುಟ ಪುಟದ ಜೆಪಿ2 ಚಿತ್ರಗಳ ಜಿಪ್ ಕಡತ ದೊಡ್ಡದಾದರೂ ಅದನ್ನೇ ತೆಗೆದುಕೊಳ್ಳಿ, ಒಳಗಿನ ಚಿತ್ರಗಳು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆಯುತ್ತವೆ. ಎರಡು ಪುಟಕ್ಕೆ ಹರಡಿದ ಗುಂಪುಚಿತ್ರದಲ್ಲಿ ಹೊಲಿಗೆಯ ಬಳಿ ನಿಂತವರು ಮಡಿಕೆಯೊಳಗೆ ಮಾಯವಾಗಿರುತ್ತಾರೆ. ಅಲ್ಲಿ ಎಡದಿಂದ ತಲೆ ಎಣಿಸಿ ಹೆಸರು ಹೊಂದಿಸಿದರೆ ಬಲಭಾಗದವರೆಲ್ಲ ಒಂದೊಂದು ಹೆಸರು ಜರುಗುತ್ತಾರೆ. ಬಲದಿಂದಲೂ ಎಣಿಸಿ ತಾಳೆ ನೋಡಿ.

ಪುಟ ಬಿಟ್ಟುಹೋಗಿದೆಯೇ ಎಂದು ತಿಳಿಯಲೂ ಉಪಾಯವಿದೆ. ಇಯರ್‌ಬುಕ್‌ಗಳು ಸಾಮಾನ್ಯವಾಗಿ ಒಂದೇ ದೊಡ್ಡ ಹಾಳೆಯನ್ನು ಮಡಚಿ ಮಾಡಿದ 16 ಪುಟಗಳ ಕಟ್ಟುಗಳಾಗಿ ಅಚ್ಚಾಗುತ್ತವೆ. ಆ ದೊಡ್ಡ ಹಾಳೆಯ ಒಂದು ಮಗ್ಗುಲಿಗೆ ಮಾತ್ರ ಬಣ್ಣ ಹಾಕಿಸಿದ್ದರೆ ಕಟ್ಟಿನ 1, 4, 5, 8, 9, 12, 13, 16ನೇ ಪುಟಗಳಿಗೆ ಬಣ್ಣ ಬರುತ್ತದೆ. ಈ ಸರಣಿ ನಡುವೆ ತಪ್ಪಿದರೆ ಹಾಳೆ ಹರಿದಿದೆ ಅಥವಾ ಸ್ಕ್ಯಾನ್ ಆಗಿಲ್ಲ ಎಂಬ ಅನುಮಾನ ಸರಿ.

ಈ ತಾಣದ ನಿಜವಾದ ಕೊರತೆ ಸರಣಿಯಲ್ಲಿನ ಕಂದಕಗಳು. ಗ್ರಂಥಾಲಯವೊ ದಾನಿಯೊ ಕೊಟ್ಟದ್ದಷ್ಟೇ ಇಲ್ಲಿರುವುದು, ನಿಮಗೆ ಬೇಕಾದ ಮೂರರಲ್ಲಿ ನಡುವಿನದೇ ಇಲ್ಲದಿರಬಹುದು. ಆಗ ಊರಿನ ಸಾರ್ವಜನಿಕ ಗ್ರಂಥಾಲಯವನ್ನು ಕೇಳಿ. ಶಾಲೆ ಮುಚ್ಚಿದ್ದರೆ ಅಥವಾ ಇನ್ನೊಂದರಲ್ಲಿ ವಿಲೀನವಾಗಿದ್ದರೆ ಧರ್ಮಪ್ರಾಂತ್ಯದ (ಬಿಷಪರ ಆಡಳಿತ ಪ್ರದೇಶದ) ದಾಖಲೆ ಕಚೇರಿಗೆ, ಶಾಲೆ ನಡೆಸುತ್ತಿದ್ದ ಸಭೆಗೆ ಪತ್ರ ಬರೆಯಿರಿ. ಪತ್ರದಲ್ಲಿ ಶಾಲೆಯ ಆಗಿನ ಹೆಸರು, ಊರು, ‘1964–65’ ಎಂದು ಎರಡೂ ಇಸವಿ ಇರಲಿ. ‘1965’ ಎಂದಷ್ಟೇ ಬರೆದರೆ ಮುಂದಿನ ವರ್ಷದ ಪುಟಗಳೂ ಬರಬಹುದು.