ಕಪಾಟಿನ ಗಾಜಿಗೆ ಯಾವ ಬೀಡಿಂಗ್: ಮರದ್ದೋ, ಪಿವಿಸಿಯದೋ?

ಬೀಡಿಂಗ್ ಅಂದರೆ ಗಾಜನ್ನು ಬಾಗಿಲಿನ ಚೌಕಟ್ಟಿನಲ್ಲಿ ಹಿಡಿದಿಡುವ ಸಪೂರ ಪಟ್ಟಿ. ಎರಡನ್ನೂ ಕೂರಿಸಿ, ತೆಗೆದು, ಮತ್ತೆ ಕೂರಿಸಿ ನೋಡಿದ ಮೇಲೆ ಒಂದು ಮಾತು ಖಚಿತ: ಇದು ಅಂದದ ಪ್ರಶ್ನೆಗಿಂತ ಚೌಕಟ್ಟು ಯಾವುದರದ್ದು ಎಂಬ ಪ್ರಶ್ನೆ. ಅದಕ್ಕೇ ಬಾಗಿಲು ಕೊರೆಯುವ ಮೊದಲೇ ತೀರ್ಮಾನವಾಗಬೇಕು.

ಮರದ ಪಟ್ಟಿಗೆ ಚೌಕಟ್ಟಿನ ಹಿಂಬದಿಯಲ್ಲಿ ಒಂದು ರಿಬೇಟ್, ಅಂದರೆ ಗಾಜು ಕೂರುವ ಮೆಟ್ಟಿಲಿನಂಥ ಕೊರೆತ, ಇದ್ದರೆ ಸಾಕು. 4 ಮಿ.ಮೀ. ಗಾಜು, 8 ಮಿ.ಮೀ. ಪಟ್ಟಿ ಎಂದಾದರೆ ಆಳ 12–13, ಅಗಲ 10 ಮಿ.ಮೀ. ಒತ್ತಿ ಕೂರಿಸುವ ಪಿವಿಸಿಗೆ ಇದರ ಜೊತೆಗೆ ರಿಬೇಟಿನ ಒಳಗೋಡೆಯಲ್ಲಿ ಸುಮಾರು 3 ಮಿ.ಮೀ. ಅಗಲದ ಗ್ರೂವ್ (ಉದ್ದಕ್ಕೂ ಕೊರೆದ ಸಣ್ಣ ಗೀರು) ಬೇಕು. ಪಟ್ಟಿಯ ಹಲ್ಲು ಕಚ್ಚುವುದು ಅಲ್ಲೇ. ಪಟ್ಟಿಯ ತುಂಡು ಕೈಯಲ್ಲಿಲ್ಲದೆ ಗ್ರೂವ್ ಹೊಡೆಯಬೇಡಿ. ಅರ್ಧ ಮಿ.ಮೀ. ಹೆಚ್ಚಾದರೂ ಹಿಡಿತ ಹೋಗುತ್ತದೆ.

ಗಾಜು ಮಾತ್ರ ಎರಡಕ್ಕೂ ಒಂದೇ ಲೆಕ್ಕ: ರಿಬೇಟಿನ ಅಳತೆಗಿಂತ ಅಗಲ, ಎತ್ತರ ಎರಡರಲ್ಲೂ ಒಂದು ಸೂತ್, ಅಂದರೆ 3 ಮಿ.ಮೀ. ಕಡಿಮೆ. ಮುಂಬಯಿಯ ಮಳೆಗಾಲಕ್ಕೂ ಪುಣೆಯ ಏಪ್ರಿಲ್ ಒಣಹವೆಗೂ ನಡುವೆ ಚೌಕಟ್ಟಿನ 75 ಮಿ.ಮೀ. ಅಗಲದ ತೇಗದ ಪಟ್ಟಿ ಹೆಚ್ಚುಕಡಿಮೆ 1 ಮಿ.ಮೀ. ಹಿಗ್ಗಿ ಕುಗ್ಗಬಹುದು. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಾದರೆ ಅಳತೆ ತಪ್ಪಿದ ಮೇಲೆ ಕತ್ತರಿಸಲೂ ಆಗದು.

ತೇಗದ ಪಟ್ಟಿಗೆ ನೇರ ಎಳೆಯ ತಿರುಳು ಮರವನ್ನೇ ಆರಿಸಿ. ಬಿಳಿ ಅಂಚು ಸೇರಿದ್ದರೆ ಹುಳ ಹಿಡಿಯುತ್ತದೆ. ನಾಲ್ಕೂ ಮುಖಕ್ಕೆ ಪಾಲಿಶ್ ಮೊದಲೇ ಆಗಿರಲಿ. ಜೋಡಿಸಿದ ಮೇಲೆ ಹಚ್ಚಿದರೆ ಗಾಜಿನ ಅಂಚಿಗೆಲ್ಲ ಬಳಿಯುತ್ತದೆ, ಪಟ್ಟಿಯ ಒಳಮುಖ ಪಾಲಿಶ್ ಇಲ್ಲದೆಯೇ ಉಳಿದು ತೇವ ಕುಡಿಯುತ್ತದೆ. ಮೇಲಿನ, ಕೆಳಗಿನ ಪಟ್ಟಿ ಮೊದಲು. ಪಕ್ಕದವನ್ನು ಅರ್ಧ ಮಿ.ಮೀ. ಉದ್ದ ಕತ್ತರಿಸಿ, ನಡುವೆ ಬಾಗಿಸಿ ಒಳಗೆ ಬಿಟ್ಟರೆ 45 ಡಿಗ್ರಿಯ ಮೂಲೆ ಬಿಗಿಯಾಗಿ ಕೂರುತ್ತದೆ. 20 ಮಿ.ಮೀ.ನ ಸಪೂರ ತಲೆಯಿಲ್ಲದ ಮೊಳೆ, 150 ಮಿ.ಮೀ.ಗೊಂದು, ಮೂಲೆಯಿಂದ 40 ಮಿ.ಮೀ. ದೂರ. ಮೊದಲು 1 ಮಿ.ಮೀ. ತೂತು ಕೊರೆಯಿರಿ, ಇಲ್ಲವಾದರೆ ತುದಿ ಸೀಳುತ್ತದೆ. ಗಾಜಿನ ಮೇಲೆ ದಪ್ಪ ರಟ್ಟು ಹಾಸಿ, ಸುತ್ತಿಗೆಯನ್ನು ಅದರ ಮೇಲೆ ಜಾರಿಸುತ್ತ ಹೊಡೆಯಬೇಕು. ಎತ್ತಿ ಹೊಡೆದವರ ಗಾಜು ಉಳಿಯುವುದು ಅದೃಷ್ಟ. ಫೆವಿಕಾಲ್ ಬೇಡವೇ ಬೇಡ. ಮುಂದೆ ಗಾಜು ಒಡೆದಾಗ ಪಟ್ಟಿಯೂ ಚೂರಾಗಿಯೇ ಹೊರಬರುತ್ತದೆ. ಲೋಕಲ್ ರೈಲಿನ ಹಳಿ ಪಕ್ಕದ ಮನೆಯಲ್ಲಿ ಗಾಜು ಗಡಗಡ ಅಂದರೆ ಅಲ್ಲಲ್ಲಿ ಸಿಲಿಕೋನ್ ಅಂಟಿನ ಚುಕ್ಕೆ ಇಡಿ. ಕನ್ನಡಿಯಾದರೆ ನ್ಯೂಟ್ರಲ್ ಸಿಲಿಕೋನ್ ಮಾತ್ರ. ವಿನಿಗರ್ ವಾಸನೆಯದು ಹಿಂದಿನ ಲೇಪವನ್ನು ತಿನ್ನುತ್ತದೆ.

ಪಿವಿಸಿಯ ಕೆಲಸ ಬೇಗ: ಕತ್ತರಿಸು, ಎರಡು ತುದಿ ಒತ್ತು, ಕೊನೆಗೆ ನಡುಭಾಗವನ್ನು ರಬ್ಬರ್ ಸುತ್ತಿಗೆಯಿಂದ ತಟ್ಟು. ಮೊಳೆಯಿಲ್ಲ, ಪಾಲಿಶ್ ಇಲ್ಲ. ಪುಣೆಯ ಡಿಸೆಂಬರ್ ಬೆಳಗಿನಲ್ಲಿ ಗಡುಸಾಗಿರುತ್ತದೆ, ಸ್ವಲ್ಪ ಬಿಸಿಲಿಗಿಟ್ಟು ಬಳಸಿ. ಆದರೆ ಮೀಟರಿಗೆ, 10 ಡಿಗ್ರಿ ಏರಿಳಿತಕ್ಕೆ ಸುಮಾರು 0.7 ಮಿ.ಮೀ. ಹಿಗ್ಗುಕುಗ್ಗು ಇದೆ, ಬಿಸಿಲು ಬೀಳುವ ಶೋಕೇಸಿನಲ್ಲಿ ಎತ್ತರದ ಪಟ್ಟಿಯ ಮೂಲೆ ಸಂಜೆ ಬಾಯಿ ಬಿಡುತ್ತದೆ. 75–80 ಡಿಗ್ರಿಗೆ ಮೆತ್ತಗಾಗುವ ಇದನ್ನು ದೀಪ ಉರಿಯುವ ದೇವರ ಮಂಟಪದ ಬಾಗಿಲಿಗೂ ಗ್ಯಾಸ್ ಒಲೆಯ ಮೇಲಿನ ಕಪಾಟಿಗೂ ಹಾಕಬಾರದು. ಪ್ಲೈವುಡ್ಡಿನ ಅಂಚಿನಲ್ಲಿ ಗ್ರೂವ್ ಒಳಗಿನ ಪೊಳ್ಳಿಗೆ ಬಿದ್ದರೆ ಹಲ್ಲಿಗೆ ಕಚ್ಚಲು ಏನೂ ಸಿಗದು. ಎಂಡಿಎಫ್‌ನಲ್ಲಿ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಮೊದಲ ಸಲ ಚೆನ್ನಾಗಿ ಹಿಡಿಯುತ್ತದೆ, ಎರಡು ಮೂರು ಸಲ ಕಿತ್ತರೆ ನಾರು ಹರಿದು ಸಡಿಲ.

ಹಾಗಾಗಿ ಮುಂಬಯಿಯ ಮಾಟುಂಗಾದ ಹಳೆಯ ತೇಗದ ಕಪಾಟಿಗೆ ಪಿವಿಸಿ ತರುವುದನ್ನು ನಾವು ಒಪ್ಪುವುದಿಲ್ಲ. ಮುಂಬಯಿ ಬಳಿಯ ಡೊಂಬಿವಲಿಯ ಹೊಸ ಫ್ಲ್ಯಾಟಿನಲ್ಲಿ, ಒಲೆಯಿಂದ ದೂರದ ಬಿಳಿ ಎಂಡಿಎಫ್ ಶಟರುಗಳು (ಕಪಾಟಿನ ಬಾಗಿಲು) ಹತ್ತು ಹನ್ನೆರಡು ಇದ್ದರೆ ಮರದ ಪಟ್ಟಿಗೆ ಪೇಂಟ್ ಬಳಿಯುತ್ತ ಕೂರುವುದು ದಂಡ. ಅಲ್ಲಿ ಪಿವಿಸಿಯೇ ಸರಿ, ಒಂದೆರಡು ಮೀಟರ್ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಮುಂದಿನ ಸಲ ಅದೇ ಅಳತೆಯ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ ಎಂಬ ಭರವಸೆಯಿಲ್ಲ.