ಅಟ್ಟದ ಕುರಿ ಶೆಡ್ಡು ಕಟ್ಟಿಸುವವರು ಮೊದಲು ಇಳಿಜಾರು ನೋಡಿ

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ಸಿಂಧನೂರು ಕಡೆ ಕುರಿ ಸಾಕುವ ಅನೇಕರು ಈಗ ಅಟ್ಟದ ಶೆಡ್ಡು ಕಟ್ಟಿಸುತ್ತಿದ್ದಾರೆ. ನೆಲದಿಂದ ಐದಾರು ಅಡಿ ಎತ್ತರಕ್ಕೆ ಕಂಬ ನಿಲ್ಲಿಸಿ, ಮೇಲೆ ಸಂದು ಬಿಟ್ಟು ಹಲಗೆ ಹಾಸುವ ಶೆಡ್ಡು. ಹಿಕ್ಕೆ, ಗಂಜಲ ಸಂದಿನಿಂದ ಕೆಳಗೆ ಬೀಳುತ್ತವೆ, ಕುರಿ ಒಣ ಜಾಗದಲ್ಲಿ ನಿಲ್ಲುತ್ತದೆ, ಮಳೆಗಾಲದಲ್ಲಿ ಗೊರಸು ಕೊಳೆಯುವುದು ಕಡಿಮೆಯಾಗುತ್ತದೆ, ಗೊಬ್ಬರ ಬಳಿಯುವುದೂ ಸುಲಭ. ಈ ಪದ್ಧತಿಯ ಮೇಲೆ ನನಗೆ ದೂರಿಲ್ಲ. ಕುರಿ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಗಳಿಗೆಯೂ ಯೋಚಿಸದೆ ಶೆಡ್ಡು ಮಾರುವವರ ಮೇಲೆ ದೂರಿದೆ. ಕುರಿ ಅಟ್ಟಕ್ಕೆ ಹತ್ತಲೆಂದು ಅವರು ಕಟ್ಟಿದ ಇಳಿಜಾರಿನ ಮೇಲೆ ಒಂದು ಮಧ್ಯಾಹ್ನ ಆದ ಅವಘಡದಲ್ಲಿ ನಮ್ಮ ಒಂಬತ್ತು ಕುರಿಗಳು ಸತ್ತವು. ಮುಂಗಡ ಕೊಡಲು ಹೊರಟವರು ಇದನ್ನು ಓದಿದ ಮೇಲೆ ಕೊಡಿ.

ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ತಲೆಮಾರುಗಳಿಂದ ಕೆಂಗುರಿ ಹಿಂಡು ಇದೆ. ಮಾವನವರು ಹರೆಯದಿಂದಲೂ ಹಿಂಡಿನ ಜೊತೆ ನಡೆದವರು. ಸುಗ್ಗಿ ಮುಗಿದ ಮೇಲೆ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಿಗೆ, ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನವರೆಗೆ ಹೋಗಿ, ರೈತರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ ಬರುತ್ತಿದ್ದರು. ಈಗ ಅವರಿಗೆ ಮಂಡಿ ನೋವು, ಮೇಯಿಸುವ ಗೋಮಾಳಗಳೂ ಕರಗಿವೆ. ಹಾಗಾಗಿ ಹಿಂಡಿನ ಒಂದು ಭಾಗವನ್ನು ಶೆಡ್ಡಿನಲ್ಲೇ ಸಾಕೋಣ ಎಂದು ಮನೆಯವರೆಲ್ಲ ಒಪ್ಪಿ, ಬೇರೆ ಜಿಲ್ಲೆಯ ಒಬ್ಬ ಗುತ್ತಿಗೆದಾರರಿಗೆ ಕೆಲಸ ಒಪ್ಪಿಸಿದೆವು. ಅವರ ಹೆಸರಾಗಲಿ ಸಂಸ್ಥೆಯ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಇಂಥವರು ಅವರೊಬ್ಬರೇ ಅಲ್ಲ.

ಚಾವಣಿ, ಕಂಬ, ಹಲಗೆ, ಮೇವಿನ ತೊಟ್ಟಿ ಎಲ್ಲವೂ ಚೆನ್ನಾಗಿಯೇ ಬಂದವು. ಕೆಟ್ಟದ್ದು ಇಳಿಜಾರು. ಅಟ್ಟದ ಎತ್ತರ ಐದು ಅಡಿ, ಇಳಿಜಾರು ನೆಲದ ಮೇಲೆ ಚಾಚಿದ್ದು ಏಳೇ ಅಡಿ. ಮನುಷ್ಯರೇ ಕಂಬಿ ಹಿಡಿದು ಹತ್ತಬೇಕು, ಅಷ್ಟು ಕಡಿದು. ಮೇಲೆ ಹೊಸ ಸತುವಿನ ತಗಡು ಹೊದಿಸಿದ್ದರು, ಕಾಲಿಗೆ ಸಿಗುವಂಥ ಅಡ್ಡಪಟ್ಟಿ ಒಂದೂ ಇರಲಿಲ್ಲ. ಅಗಲ ಎರಡೂವರೆ ಅಡಿ. ಎರಡು ಕುರಿ ಪಕ್ಕಪಕ್ಕದಲ್ಲಿ ಸಲೀಸಾಗಿ ಹೋಗುವಷ್ಟು ಜಾಗವಿಲ್ಲ, ಒಂದು ಕುರಿ ಹಿಂದಕ್ಕೆ ತಿರುಗಲು ಮಾತ್ರ ಧಾರಾಳ ಜಾಗವಿದೆ. ಬದಿಗಳಲ್ಲಿ ಬರೀ ಪೈಪಿನ ಕಂಬಿ, ಅದರ ನಡುವಿನಿಂದ ಕೆಳಗಿನ ನೆಲವೆಲ್ಲ ಕಾಣುತ್ತದೆ. ಮೇಲ್ತುದಿಯ ಗೇಟು ಇಳಿಜಾರಿನ ಕಡೆಗೇ ತೆರೆಯುತ್ತಿತ್ತು. ಎಲ್ಲಕ್ಕಿಂತ ಅಪಾಯಕಾರಿ ಇದೇ. ಕುರಿಗಳು ಗೇಟಿಗೆ ಒತ್ತಿ ನಿಂತರೆ ಅದನ್ನು ಯಾರಿಂದಲೂ ತೆರೆಯಲಾಗುವುದಿಲ್ಲ.

ಮಾವನವರು ಇಳಿಜಾರನ್ನು ನೋಡಿದ ದಿನವೇ, "ತಮ್ಮಾ, ಇದರ ಮೇಲೆ ಕುರಿ ಹತ್ತುವುದಿಲ್ಲ" ಎಂದು ಮೇಸ್ತ್ರಿಗೆ ಹೇಳಿದ್ದರು. "ಎಲ್ಲ ಕಡೆ ಇದೇ ಅಳತೆ ಅಜ್ಜಾ, ನಾವೇ ಹತ್ತಿಸಿ ಕೊಡುತ್ತೇವೆ" ಎಂದು ಅವನು ಮಾತು ಮುಗಿಸಿದ. ಹಿಂಡನ್ನು ಶೆಡ್ಡಿಗೆ ಸೇರಿಸಿ ಕೊಡುವುದು ಕರಾರಿನಲ್ಲೂ ಅವರ ಕೆಲಸವೇ ಆಗಿತ್ತು.

ಬೇಸಿಗೆಯ ನಡುಮಧ್ಯ. ಬೆಳಗಿನ ತಂಪಿನಲ್ಲಿ ಬನ್ನಿ ಎಂದರೆ ಅವರು ಬಂದದ್ದು ಬಿಸಿಲು ನೆತ್ತಿಗೇರುವ ಹೊತ್ತಿಗೆ. ಸಂಜೆವರೆಗೆ ತಡೆಯಿರಿ ಎಂದು ಮಾವನವರು ಕೈ ಮುಗಿದು ಕೇಳಿದರು. ಮುಂದಿನ ಊರಿನ ಕೆಲಸ ಕಾದಿದೆ, ಹಿಂಡು ಹತ್ತುವ ವಿಡಿಯೊ ಇವತ್ತೇ ಬೇಕು ಎಂಬ ಉತ್ತರ ಬಂತು. ನಾಲ್ವರು ಹುಡುಗರು ನೀಲಿ ಪೈಪಿನ ತುಂಡು ಹಿಡಿದು, ಒಬ್ಬ ಖಾಲಿ ಡಬ್ಬ ಬಡಿಯುತ್ತ, ಇಡೀ ಹಿಂಡನ್ನು ದೊಡ್ಡಿಯಿಂದ ಒಮ್ಮೆಲೇ ಇಳಿಜಾರಿನ ಬಾಯಿಗೆ ನೂಕಿದರು. ಹಿಂಡಿನ ಮುಂದೆ ನಡೆಯುವ ಹಳೆಯ ಹೋತವನ್ನು ಅಡ್ಡಿಯೆಂದು ಬದಿಗೆ ಕಟ್ಟಿಹಾಕಿದ್ದರು.

ಮುಂದಿದ್ದ ಕುರಿಗಳು ಹೇಗೋ ಮೇಲೇರಿ ಗೇಟಿನ ಬಳಿ ನಿಂತುಬಿಟ್ಟವು. ಒಳಗೆ ಕತ್ತಲು, ಹಲಗೆಯ ಸಂದುಗಳಿಂದ ಕೆಳಗಿನ ಬೆಳಕು ಗೆರೆಗೆರೆಯಾಗಿ ಕಾಣುತ್ತಿದೆ, ಕಾಲ ಕೆಳಗೆ ತಗಡು ಕಾದು ಮಿಂಚುತ್ತಿದೆ. ಒಂದು ಕುರಿ ಹಿಂದಕ್ಕೆ ತಿರುಗಿತು. ಅದಕ್ಕೆ ಎದುರಾದದ್ದು ಜಾರಿತು. ಹಿಂದಿನವು ಬಿದ್ದವುಗಳ ಮೇಲೆ ಹತ್ತಿದವು. ಈ ಒತ್ತಡದಲ್ಲಿ ಗೇಟು ಮುಚ್ಚಿಕೊಂಡಿತು, ಆಮೇಲೆ ತೆರೆಯಲಿಲ್ಲ. ಹಿಂಭಾಗದಲ್ಲಿದ್ದ ಹುಡುಗರಿಗೆ ಮುಂದೆ ಏನಾಗಿದೆ ಎಂಬುದೇ ಕಾಣದು, ಅವರು ಬಡಿಯುತ್ತಲೇ ಇದ್ದರು. ಮಾವನವರು ಕೂಗಿದ್ದು ಡಬ್ಬದ ಸದ್ದಿನಲ್ಲಿ ಮುಳುಗಿತು. ನನ್ನ ಮೈದುನ ಕಂಬಿಯ ಬೋಲ್ಟು ಬಿಚ್ಚಿ ಒಂದು ಬದಿ ತೆರೆದ ಮೇಲೆ ರಾಶಿ ಸಡಿಲವಾಯಿತು. ಅಷ್ಟರಲ್ಲಿ ಅಡಿಯಲ್ಲಿದ್ದ ಏಳು ಕುರಿಗಳ ಉಸಿರು ನಿಂತಿತ್ತು. ಎರಡು ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡವು, ಬೆಳಗಾಗುವಷ್ಟರಲ್ಲಿ ಅವೂ ಸತ್ತವು. ಇದೆಲ್ಲ ನಡೆಯಲು ಹಿಡಿದದ್ದು ಕೆಲವೇ ನಿಮಿಷ. ನಂತರದ ವಾರಗಳಲ್ಲಿ ಗಬ್ಬವಾಗಿದ್ದ ನಾಲ್ಕು ಕುರಿಗಳು ಕಂದು ಹಾಕಿದವು.

ಮರಣೋತ್ತರ ಪರೀಕ್ಷೆಗೆ ಬಂದ ಪಶುವೈದ್ಯರು ಚರ್ಮ ಸುಲಿದು ತೋರಿಸಿದಾಗ ನನಗೆ ಕಣ್ಣೆತ್ತಿ ನೋಡಲಾಗಲಿಲ್ಲ. ಪೈಪಿನ ಏಟು ಬಿದ್ದ ಬೆನ್ನಿನಲ್ಲಿ, ಉಣ್ಣೆ ಹಿಡಿದು ಎಳೆದ ಪಕ್ಕೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೊರಗಿನಿಂದ ಅದು ಏನೂ ಕಾಣುತ್ತಿರಲಿಲ್ಲ. ಕುರಿಯನ್ನು ಉಣ್ಣೆ ಹಿಡಿದು ಎತ್ತುವವರನ್ನು ನಾವು ಸಂತೆಯಲ್ಲಿ ದಿನವೂ ನೋಡುತ್ತೇವೆ. ಉಣ್ಣೆಯ ಜೊತೆ ಚರ್ಮ ಮಾಂಸದಿಂದ ಬೇರೆಯಾಗುತ್ತದೆ ಎಂಬುದು ನಮಗೆ ತಿಳಿದಿರಬೇಕು. ಗದ್ದದ ಕೆಳಗೆ ಒಂದು ಕೈ, ಹಿಂಭಾಗಕ್ಕೆ ಒಂದು ಕೈ, ಹೀಗೆ ಹಿಡಿದರೆ ಕುರಿ ಸುಮ್ಮನೆ ಬರುತ್ತದೆ.

ಗುತ್ತಿಗೆದಾರರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಕುರಿ ಜಾತಿಯೇ ಹಾಗೆ ಅಕ್ಕಾವರೇ, ಒಂದು ಬಿದ್ದರೆ ಎಲ್ಲವೂ ಬೀಳುತ್ತವೆ." ಮಾತು ಮುಗಿಸುವ ಮುಂಚೆ ಕೊನೆಯ ಕಂತನ್ನೂ ಕೇಳಿದರು.

ಕುರಿ ಜಾತಿ ಹಾಗಿಲ್ಲ. ಒಂದರ ಹಿಂದೆ ಒಂದು ನಡೆಯುವ ಆ ಗುಣವನ್ನೇ ನಂಬಿ ಮಾವನವರು ಲಾರಿಗಳು ಓಡುವ ಹೆದ್ದಾರಿಯನ್ನು ನೂರಾರು ಕುರಿಗಳ ಜೊತೆ ದಾಟಿದ್ದಾರೆ, ಕಾಲುವೆಯ ಕಿರಿದಾದ ಸೇತುವೆ ದಾಟಿದ್ದಾರೆ. ಕುರಿಯ ಕಣ್ಣು ತಲೆಯ ಎರಡು ಬದಿಗಿದೆ. ತನ್ನ ಸುತ್ತ ಬಹುಪಾಲು ಎಲ್ಲವೂ ಅದಕ್ಕೆ ಕಾಣುತ್ತದೆ, ನೇರ ಬೆನ್ನ ಹಿಂದೆ ಇರುವುದು ಮಾತ್ರ ಕಾಣುವುದಿಲ್ಲ. ಕಾಣದ ಜಾಗದಿಂದ ಸದ್ದು ಬಂದರೆ ಅದು ತಿರುಗಿ ನೋಡಲೇಬೇಕು, ತಿರುಗಲು ಜಾಗವಿದ್ದರೆ ತಿರುಗಿಯೇ ತಿರುಗುತ್ತದೆ. ಮುಂದಿರುವ ನೆಲದ ಆಳ, ಎತ್ತರ ಅದಕ್ಕೆ ಥಟ್ಟನೆ ತಿಳಿಯುವುದಿಲ್ಲ. ನೆರಳಿನ ಗೆರೆಯೊಂದು ಅದಕ್ಕೆ ಕಂದಕದಂತೆ ಕಾಣಬಹುದು. ಆದ್ದರಿಂದಲೇ ಹೊಸ ಜಾಗದಲ್ಲಿ ತಲೆ ತಗ್ಗಿಸಿ, ಮೂಸಿ, ನಿಂತು ನೋಡುತ್ತದೆ. ಅಲ್ಲಿ ಅದಕ್ಕೆ ಒಂದು ಕ್ಷಣ ಬಿಟ್ಟರೆ ಮೊದಲನೆಯದು ಕಾಲಿಡುತ್ತದೆ, ಉಳಿದವು ಹಿಂಬಾಲಿಸುತ್ತವೆ. ಆ ಕ್ಷಣದಲ್ಲಿ ಬಡಿದರೆ ನಮ್ಮಲ್ಲಿ ಆದದ್ದೇ ಆಗುತ್ತದೆ.

ಬಡಿಯುವ ಅಗತ್ಯವೂ ಇಲ್ಲ. ಕುರಿಯ ಭುಜವೇ ಗಡಿ. ಭುಜಕ್ಕಿಂತ ಹಿಂದೆ, ತುಸು ಪಕ್ಕದಲ್ಲಿ ನಿಂತು ಒಂದು ಹೆಜ್ಜೆ ಹತ್ತಿರ ಬಂದರೆ ಅದು ಮುಂದೆ ನಡೆಯುತ್ತದೆ. ಭುಜಕ್ಕಿಂತ ಮುಂದೆ ಹೋದರೆ ನಿಲ್ಲುತ್ತದೆ, ಇಲ್ಲವೇ ಹಿಂದಕ್ಕೆ ಸರಿಯುತ್ತದೆ. ಅದು ಹೆಜ್ಜೆ ಇಟ್ಟ ಕೂಡಲೇ ನಾವು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಮಾವನವರ ಕೈಯಲ್ಲಿ ಕೋಲು ಇರುತ್ತದೆ, ಆದರೆ ಅದು ಕುರಿಯ ಮೈಗೆ ತಾಗಿದ್ದನ್ನು ನಾನು ನೋಡಿಲ್ಲ. ಅಡ್ಡ ಚಾಚಿ ದಾರಿ ತೋರಿಸುವುದಕ್ಕೆ ಮಾತ್ರ ಅದು. ಎತ್ತು, ಎಮ್ಮೆಗೂ ಇದೇ ಲೆಕ್ಕ. ಬಾಲ ತಿರುಚಿ ವಾಹನ ಹತ್ತಿಸುವವರು ಬಾಲದ ಮೂಳೆ ಮುರಿಯುತ್ತಾರೆ.

ನಮ್ಮ ಊರಿನ ಬಡಗಿಯಿಂದ ಇಳಿಜಾರನ್ನು ಪೂರ್ತಿ ಬದಲಾಯಿಸಿದೆವು. ಈಗ ಅದು ನೆಲದ ಮೇಲೆ 14 ಅಡಿ ಚಾಚಿದೆ. ಐದು ಅಡಿ ಎತ್ತರಕ್ಕೆ ಇಷ್ಟಿದ್ದರೆ ಓರೆ ಸುಮಾರು 20 ಡಿಗ್ರಿ ಆಗುತ್ತದೆ, ಅದಕ್ಕಿಂತ ಕಡಿದು ಬೇಡ. ತಗಡು ತೆಗೆದು ಮರದ ಹಲಗೆ ಹಾಕಿ, ಒಂದು ಗೇಣಿಗೆ ಒಂದರಂತೆ ಅಡ್ಡಪಟ್ಟಿ ಬಡಿಸಿದೆವು. ಒಂದೇ ಕುರಿ ಹೋಗುವಷ್ಟು, ತಿರುಗಲಾಗದಷ್ಟು ಅಗಲ. ಗಬ್ಬದ ಕುರಿ ಉಜ್ಜದಂತೆ ಹೋಗಬೇಕಾದದ್ದರಿಂದ, ಹಿಂಡಿನಲ್ಲೇ ತುಂಬ ದಪ್ಪವಾಗಿದ್ದ ಕುರಿಯನ್ನು ನಿಲ್ಲಿಸಿ ಅಳತೆ ಹಿಡಿದೆವು. ಎರಡೂ ಬದಿಗೆ ಗೋಣಿತಟ್ಟು ಕಟ್ಟಿ ಕೆಳಗಿನ ನೆಲ ಕಾಣದಂತೆ ಮಾಡಿದೆವು. ಗೇಟು ಈಗ ಪಕ್ಕಕ್ಕೆ ಸರಿಯುತ್ತದೆ, ಎಷ್ಟು ಕುರಿ ಒತ್ತಿದರೂ ಎಳೆದು ತೆರೆಯಬಹುದು. ಬಾಗಿಲ ಬಳಿ ಚಾವಣಿಯ ಎರಡು ತಗಡು ತೆಗೆದು ಬೆಳಕು ಬೀಳುವ ಹಾಳೆ ಹಾಕಿಸಿದೆವು, ಒಳಗಿನ ಕತ್ತಲಿಗೆ ಅವು ಹೆದರುತ್ತಿದ್ದವು. ಒಳಗಿನ ಮೊದಲ ನಾಲ್ಕು ಅಡಿ ಹಲಗೆಯ ಮೇಲೆ ಹುಲ್ಲು ಹರವಿದೆವು.

ಇಷ್ಟಾದರೂ ಹಿಂಡು ಆ ಕಡೆಗೆ ಸುಳಿಯಲಿಲ್ಲ. ನೀಲಿ ಪೈಪು ಹಿಡಿದು ಯಾರಾದರೂ ಅಂಗಳ ದಾಟಿದರೆ ದೊಡ್ಡಿಯ ಮೂಲೆಗೆ ಓಡಿ ಗುಂಪಾಗುತ್ತಿದ್ದವು. ಕುರಿಗೆ ಮರೆವು ಜಾಸ್ತಿ ಎನ್ನುವವರಿಗೆ ಹೇಳುತ್ತೇನೆ: ಕುರಿಗಳು ಐವತ್ತು ಬೇರೆ ಕುರಿಗಳ ಮುಖವನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತವೆ ಎಂದು ಬ್ರಿಟನ್ನಿನ ವಿಜ್ಞಾನಿಗಳು 2001ರಲ್ಲೇ ಪ್ರಕಟಿಸಿದ್ದಾರೆ. ತಮ್ಮನ್ನು ಹೊಡೆದ ಜಾಗವನ್ನು ಅವು ಮರೆಯುತ್ತವೆಯೇ? ಮಾವನವರು ಇಳಿಜಾರಿನ ಬುಡದಲ್ಲಿ, ಆಮೇಲೆ ನಡುವೆ, ಆಮೇಲೆ ತುದಿಯಲ್ಲಿ ನೆನೆಸಿದ ಹುರುಳಿಯ ಬುಟ್ಟಿ ಇಡುತ್ತ ಬಂದರು. ಬೆಳಗಿನ ತಂಪಿನಲ್ಲಿ ಮೊದಲು ಹೋತ, ಅದರ ಹಿಂದೆ ಹತ್ತು ಹನ್ನೆರಡು ಕುರಿಗಳು, ಅವು ಒಳಗೆ ಸೇರಿ ಮೇವಿಗೆ ಬಾಯಿ ಹಾಕಿದ ಮೇಲೆ ಮುಂದಿನ ಗುಂಪು. ಯಾರೂ ಸದ್ದು ಮಾಡುವಂತಿರಲಿಲ್ಲ, ಮಕ್ಕಳನ್ನೂ ಮನೆಯೊಳಗೆ ಕೂರಿಸಿದ್ದೆವು. ಕೊನೆಗೆ ಒಂದೇ ಕುರಿ ಕೆಳಗೆ ಉಳಿಯದಂತೆಯೂ ನೋಡಿಕೊಂಡರು, ಒಂಟಿಯಾದ ಕುರಿ ಗಾಬರಿಯಾಗಿ ಎಲ್ಲಿಗಾದರೂ ಹಾರುತ್ತದೆ.

ಶೆಡ್ಡು ಕಟ್ಟಿಸುವವರು ಈ ಅಳತೆಗಳನ್ನು ಕರಾರಿನಲ್ಲಿ ಬರೆಸಿ. ಗುತ್ತಿಗೆದಾರರು ಹಿಂದೆ ಕಟ್ಟಿದ ಶೆಡ್ಡಿಗೆ ಹೋಗಿ, ಖಾಲಿ ಶೆಡ್ಡನ್ನು ನೋಡಿ ಬರಬೇಡಿ. ಸಂಜೆ ಕುರಿ ಒಳಗೆ ಸೇರುವ ಹೊತ್ತಿಗೆ ಹೋಗಿ, ಎಷ್ಟು ಕುರಿ ಜಾರುತ್ತವೆ, ಎಷ್ಟು ಹಿಂದಕ್ಕೆ ತಿರುಗುತ್ತವೆ, ಆಳುಗಳು ಎಷ್ಟು ಕೂಗಬೇಕಾಗುತ್ತದೆ ಎಂದು ನಿಂತು ನೋಡಿ. ನಿಮ್ಮ ಹಿಂಡು ನಿಮ್ಮದೇ ಕುರಿಗಾಹಿಯ ಕೈಯಲ್ಲಿ ಹತ್ತಿ ಇಳಿಯುವವರೆಗೆ ಕೊನೆಯ ಕಂತು ಕೊಡಬೇಡಿ. ನಾವು ಕೊಟ್ಟಿಲ್ಲ, ಕೊಡುವುದೂ ಇಲ್ಲ.

ವಾಹನದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಒಂದು ಸರಕು ವಾಹನದಲ್ಲಿ 40ಕ್ಕಿಂತ ಹೆಚ್ಚು ಕುರಿ ಹಾಕುವಂತಿಲ್ಲ, ದನವಾದರೆ ಆರಕ್ಕಿಂತ ಹೆಚ್ಚಿಲ್ಲ. ಕುರಿಗಳ ಕಾಲ ಕೆಳಗೆ ಕನಿಷ್ಠ 5 ಸೆಂಟಿಮೀಟರ್ ದಪ್ಪ ಹುಲ್ಲು ಇರಬೇಕು, ಪಶುವೈದ್ಯರ ಪ್ರಮಾಣಪತ್ರ ಬೇಕು. ಅಮೀನಗಡದ ಸಂತೆಯಿಂದ ಕುರಿ ತರುವವರು ಚಾಲಕನಿಗೆ ಇದನ್ನು ಹೇಳಿಯೇ ಬಾಡಿಗೆ ಮಾತಾಡಿ. ಪ್ರಾಣಿಯನ್ನು ಹೊಡೆದು ಹಿಂಸಿಸುವುದು 1960ರ ಕಾಯ್ದೆಯಲ್ಲಿ ಅಪರಾಧವೇ, ಆದರೆ ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಆ ದಂಡಕ್ಕೆ ಯಾರೂ ಹೆದರುವುದಿಲ್ಲ. ಹಾಗಾಗಿ ನಿಮ್ಮ ಕರಾರೇ ಗಟ್ಟಿಯಾಗಿರಲಿ.

ಇಂಥದ್ದು ಆಗಿಬಿಟ್ಟರೆ ಸತ್ತ ಕುರಿಗಳನ್ನು ಅವಸರದಲ್ಲಿ ಹೂಳಬೇಡಿ. ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಆಕಸ್ಮಿಕವಾಗಿ ಸತ್ತ ಕುರಿ, ಮೇಕೆಗಳಿಗೆ ಪರಿಹಾರವಿದೆ, ಅದಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಬೇಕೇ ಬೇಕು. ಗಾಯಗೊಂಡವುಗಳಿಗಾಗಿ 1962ಕ್ಕೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನ ಕೇಳಬಹುದು. ಮಾವನವರು ಬಡಗಿಗೆ ಹೇಳಿ ಬರೆಸಿದ ಇಳಿಜಾರಿನ ನಕ್ಷೆ ನನ್ನ ಬಳಿ ಇದೆ. ಬೇಕಾದವರು ಅಟ್ಟದ ಎತ್ತರ ಎಷ್ಟೆಂದು ತಿಳಿಸಿ, ಅದಕ್ಕೆ ತಕ್ಕ ಉದ್ದ ಲೆಕ್ಕ ಹಾಕಿ ಕಳುಹಿಸುತ್ತೇನೆ.